ಪರವಾ ಎಂದರೆ ಯಾವ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯವರು ಹಾಗೆ ಹೇಳುತ್ತಾರೆ, ಕಾರ್ಖಾನೆಯಲ್ಲೂ ಹೇಳುತ್ತಿದ್ದರು, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಮನುಷ್ಯರನ್ನು ಬಿಟ್ಟು ಒಂದು ಇಡೀ ಭಾಷೆಯ ಮೇಲೆ ಸಿಟ್ಟು ಬಂದದ್ದು ಒಂದೇ ಸಲ. ಆ ಭಾಷೆ ಮರಾಠಿ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದವಳು ನಾನು. ಮನೆ ಬಿಬವೇವಾಡಿಯಲ್ಲಿ, ನೌಕರಿ ಭೋಸರಿಯಲ್ಲಿ. ಎಂದರೆ ಊರಿನ ಈ ತುದಿಯಿಂದ ಆ ತುದಿಗೆ ದಿನಾ ಎರಡು ಬಸ್ಸು ಬದಲಿಸಬೇಕು. ಕಾರ್ಖಾನೆ ಸಣ್ಣದು. ತಗಡನ್ನು ಒತ್ತಿ ಬೇಕಾದ ಆಕಾರ ತೆಗೆಯುವ ಉಕ್ಕಿನ ಅಚ್ಚುಗಳನ್ನು ಅಲ್ಲಿ ಮಾಡುತ್ತಿದ್ದರು. ನಾನು ಸೇರಿದ್ದು ಟೈಪಿಸ್ಟ್ ಆಗಿ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಎದ್ದಿತು. ಎರಡಕ್ಕೂ ಅಕ್ಷರದ ಗುಂಡಿಗಳಿವೆಯಲ್ಲ, ಹಾಗಾಗಿ ಅದು ನನ್ನ ಕೊರಳಿಗೇ ಬಿತ್ತು. ಅಪ್ಪಾ ಬಳವಂತ ಚೌಕದಲ್ಲಿ ಹಳೆಯ ಪುಸ್ತಕ ಮಾರುವವನಿಂದ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಬಗ್ಗೆ ಒಂದು ದಪ್ಪ ಪುಸ್ತಕ ತಂದೆ. ಸ್ವಾರಗೇಟ್‌ನಿಂದ ಭೋಸರಿವರೆಗೆ ಕಿಟಕಿ ಪಕ್ಕದ ಸೀಟು ಸಿಕ್ಕ ದಿನ ಹತ್ತು ಪುಟ, ನಿಂತು ಹೋಗುವ ದಿನ ಎರಡು ಪುಟ. ಹೀಗೆ ಒಂದೂವರೆ ವರ್ಷದಲ್ಲಿ ಪುಸ್ತಕ ಮುಗಿಯಿತು. ಅಷ್ಟರಲ್ಲಿ ನಾನು ಮ್ಯಾಡಮ್ ಆಗಿದ್ದೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದಾಗಿನ ಮಾತು ಇದು. ನಮ್ಮಲ್ಲಿ ಏದುಸಿರು ಬಿಡುತ್ತಿದ್ದ ಮೂರು ಮುದಿ ಕಂಪ್ಯೂಟರುಗಳನ್ನು ತೆಗೆದು ಒಂದೇ ದೊಡ್ಡ ಯಂತ್ರ ತಂದರು. ಅದರೊಳಗೆ ಮೂರು ಸರ್ವರುಗಳು. ಇವು ಕೈಗೆ ಸಿಗುವಂಥವಲ್ಲ, ವರ್ಚುವಲ್. ಮಾಲಕರಿಗೆ ಇದನ್ನು ಅರ್ಥ ಮಾಡಿಸಲು ನನಗೆ ಎರಡು ದಿನ ಬೇಕಾಯಿತು. ಕೊನೆಗೆ ಹೇಳಿದೆ: ಪೇಠೆಯ ಹಳೆಯ ವಾಡೆಯಲ್ಲಿ ಮೂರು ಬಾಡಿಗೆಯ ಸಂಸಾರ ಇರುವುದಿಲ್ಲವೇ, ಒಂದೇ ಸೂರು, ಒಂದೇ ನಲ್ಲಿ, ಆದರೆ ಪ್ರತಿಯೊಬ್ಬರೂ ಬಾಗಿಲು ಹಾಕಿಕೊಂಡು ಮನೆಯೆಲ್ಲ ತಮ್ಮದೇ ಎಂದುಕೊಂಡಿರುತ್ತಾರೆ, ಹಾಗೆ. ಮಾಲಕರು ವಾಡೆಯಲ್ಲೇ ಹುಟ್ಟಿ ಬೆಳೆದವರು. ತಟ್ಟನೆ ತಿಳಿಯಿತು.

ಆ ಮೂರರಲ್ಲಿ ಒಂದು ಸರ್ವರಿನೊಳಗೆ ಕಾಕಾನ ಡ್ರಾಯಿಂಗುಗಳಿದ್ದವು.

ಕಾಕಾ ಎಂದರೆ ನಮ್ಮ ನಕ್ಷೆ ವಿಭಾಗದ ಹಿರಿಯರು. ವಿಭಾಗ ಎಂದೆ, ಅದರಲ್ಲಿ ಇದ್ದದ್ದು ಅವರೊಬ್ಬರೇ. ಹುಟ್ಟಿದ್ದು ಸೊಲ್ಲಾಪುರದ ಕಡೆ, ನೆಲೆಸಿದ್ದು ಸಾಸವಡದಲ್ಲಿ. ಹೊರಗೆಲ್ಲ ಮರಾಠಿ, ನನ್ನ ಜೊತೆ ಮಾತ್ರ ಅರ್ಧ ಮರಾಠಿ ಬೆರೆತ ಗಡಿನಾಡಿನ ಕನ್ನಡ. ಕಾರ್ಖಾನೆ ಶುರುವಾದಾಗಿನಿಂದ ಮಾಡಿದ ಅಚ್ಚುಗಳ ನಕ್ಷೆಗಳೆಲ್ಲ ಟ್ರೇಸಿಂಗ್ ಹಾಳೆಯ ಮೇಲೆ ಉದ್ದನೆಯ ಡ್ರಾಯರುಗಳಲ್ಲಿ ಇದ್ದವು. ಎಷ್ಟೋ ಮಳೆಗಾಲದ ತೇವ ಕುಡಿದು ಆ ಹಾಳೆಗಳು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಎರಡು ವರ್ಷದಿಂದ ಕಾಕಾ ಅವನ್ನು ಒಂದೊಂದಾಗಿ ಬಿಡಿಸಿ, ಕಂಪ್ಯೂಟರಿನಲ್ಲಿ ಗೆರೆಗೆ ಗೆರೆ ಹೊಸದಾಗಿ ಬರೆಯುತ್ತಿದ್ದರು. ಒಂದು ಮುಗಿದ ಮೇಲೆ ಆ ಹಾಳೆ ಪುಡಿಯಾಗಿ ಕಸದ ಬುಟ್ಟಿ ಸೇರುತ್ತಿತ್ತು. ಹೀಗಾಗಿ ಆ ಅಚ್ಚುಗಳ ಬಗ್ಗೆ ಕಾರ್ಖಾನೆಗೆ ಗೊತ್ತಿದ್ದದ್ದೆಲ್ಲ ಈಗ ಆ ಸರ್ವರಿನಲ್ಲಿ ಮಾತ್ರ ಇತ್ತು. ಬರುವ ದೀಪಾವಳಿಗೆ ಕಾಕಾ ನಿವೃತ್ತರಾಗುವವರಿದ್ದರು. ಕನ್ನಡಕ ಪ್ರತಿ ವರ್ಷ ದಪ್ಪವಾಗುತ್ತಿತ್ತು. ಇನ್ನೊಮ್ಮೆ ಬರೆಯುತ್ತೇನೆಂದರೂ ಬರೆಯಲು ಕಣ್ಣೂ ಇಲ್ಲ, ನೋಡಿ ಬರೆಯಲು ಹಾಳೆಯೂ ಇಲ್ಲ.

ಅಂಥ ಸರ್ವರನ್ನು ನಾನು ಮುಟ್ಟಲೇಬೇಕಾಗಿ ಬಂತು. ಅದರ ಆಪರೇಟಿಂಗ್ ಸಿಸ್ಟಮ್ ಹಳತಾಗಿ ಹೋಗಿತ್ತು. ಮಾಡಿದವರೇ ಇನ್ನು ಇದಕ್ಕೆ ದುರಸ್ತಿ ಕಳಿಸುವುದಿಲ್ಲ ಎಂದು ಕೈ ತೊಳೆದುಕೊಂಡಿದ್ದರು. ಗಿರಾಕಿಗಳು ಇಂಟರ್ನೆಟ್ಟಿನ ಮೂಲಕವೇ ಎಲ್ಲ ಕಳಿಸುವ ಕಾಲ. ಹಾಗೇ ಬಿಟ್ಟರೆ ಬೀಗವಿಲ್ಲದ ಬಾಗಿಲು. ಹೊಸ ಆವೃತ್ತಿಗೆ ಏರಿಸಬೇಕು.

ಒಂದು ತಿಂಗಳು ಮೊದಲೇ ನಾನು ಯೋಜನೆ ಹಾಕತೊಡಗಿದೆ. ಯೋಜನೆ ಹಾಕುವುದೆಂದರೆ ನನಗೆ ಹಬ್ಬ. ಒಂದು ಉದ್ದನೆಯ ನೋಟುಪುಸ್ತಕ ತಂದೆ. ಅದರಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೆ. ಭೋಸರಿಯ ಆ ಎಣ್ಣೆ ವಾಸನೆಯ ನಡುವೆ ನನ್ನ ಅಕ್ಷರ ನನ್ನೊಬ್ಬಳಿಗೇ ಓದಲು ಬರುತ್ತದೆ ಎಂಬುದು ನನ್ನ ಗುಟ್ಟಿನ ಜಂಬ. ಯಾವ ದಿನ ಮಾಡಬೇಕು? ಗುರುವಾರ ಭೋಸರಿಗೆ ವಾರದ ರಜೆ, ಆದರೆ ಅವತ್ತು ಕರೆಂಟೇ ಇರುವುದಿಲ್ಲ. ಭಾನುವಾರ ನಾವು ಕೆಲಸಕ್ಕೆ ಬರುತ್ತೇವೆ, ಗಿರಾಕಿಗಳ ಆಫೀಸು ಮುಚ್ಚಿರುತ್ತದೆ, ಯಾರ ಫೋನೂ ಬರುವುದಿಲ್ಲ. ಹಾಗಾಗಿ ಭಾನುವಾರ. ಯಾರ ಯಾರಿಗೆ ಮೊದಲೇ ಹೇಳಬೇಕು? ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು? ಎಷ್ಟು ಗಂಟೆಯೊಳಗೆ ಆಗದಿದ್ದರೆ ಕೈಬಿಡಬೇಕು? ಎಲ್ಲ ಬರೆದೆ. ದಪ್ಪ ಅಕ್ಷರದಲ್ಲಿ ಒಂದು ಸಾಲು ಹೀಗಿತ್ತು: ಬ್ಯಾಕಪ್ ಆಗಿದೆಯೇ, ಕಣ್ಣಾರೆ ನೋಡು.

ಡ್ರಾಯಿಂಗುಗಳ ಬ್ಯಾಕಪ್ ತೆಗೆಯುವವರು ಕಾಕಾನೇ. ಅದಕ್ಕೊಂದು ಬೇರೆ ಹಾರ್ಡ್ ಡಿಸ್ಕ್ ಇತ್ತು. ಅದನ್ನು ಶಾಲು ಸುತ್ತಿ ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಇನ್ನೊಬ್ಬರು ಮುಟ್ಟುವ ಹಾಗಿರಲಿಲ್ಲ.

ಆ ಭಾನುವಾರಕ್ಕೆ ಇನ್ನೂ ಆರು ದಿನವಿದ್ದಾಗ, ಒಂದು ಸೋಮವಾರ, ಅವರ ಮೇಜಿನ ಹತ್ತಿರ ಹಾದುಹೋಗುತ್ತ ಕೇಳಿದೆ. "ಕಾಕಾ, ಬ್ಯಾಕಪ್ ಯಾವಾಗರಿ?"

ಅವರು ತಲೆ ಎತ್ತದೆ ಹೇಳಿದರು. "ಪರವಾ."

ನನ್ನ ಮರಾಠಿ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಕಲಿತದ್ದು. ಪಕ್ಕದ ಮನೆಯಾಕೆ "ಪರವಾ ನಮ್ಮ ಅತ್ತೆ ಬಂದಿದ್ದರು" ಎಂದು ಹೇಳುವುದನ್ನು ಕೇಳಿ ಕೇಳಿ, ಪರವಾ ಎಂದರೆ ಮೊನ್ನೆ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಮೊನ್ನೆ ಶನಿವಾರ ಮಾಡಿ ಮುಗಿಸಿದ್ದಾರೆ, ಒಳ್ಳೆಯದಾಯಿತು ಎಂದುಕೊಂಡೆ. ನೋಟುಪುಸ್ತಕ ತೆರೆದು ಬರೆದೆ: ಬ್ಯಾಕಪ್, ಮೊನ್ನೆ ಆಗಿದೆ. ಕಣ್ಣಾರೆ ನೋಡು ಎಂದು ನಾನೇ ಬರೆದ ಸಾಲು ಮೇಲೆ ಕೂತು ನನ್ನನ್ನು ನೋಡುತ್ತಿತ್ತು. ಆದರೆ ಅಷ್ಟು ಹಿರಿಯರಿಗೆ ಕಪಾಟು ತೆಗೆಯಿರಿ, ನಾನು ನೋಡಬೇಕು ಎಂದು ಹೇಗೆ ಹೇಳುವುದು? ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ ಎಂದ ಹಾಗಾಗುವುದಿಲ್ಲವೇ? ಆ ಸಾಲಿನ ಮುಂದೆಯೂ ಸರಿ ಗುರುತು ಹಾಕಿಬಿಟ್ಟೆ.

ಮರುದಿನ ಮಂಗಳವಾರ ಆಳಂದಿಯಿಂದ ಸಂತರ ಪಾದುಕೆ ಹೊತ್ತ ಪಾಲಖಿ ಪುಣೆಗೆ ಬರುವ ದಿನ. ಕಾಕಾ ಪ್ರತಿ ವರ್ಷ ಅವತ್ತು ರಜೆ ಹಾಕಿ ಪುಣೆಯವರೆಗೆ ಭಜನೆ ಮಾಡುತ್ತ ಸಾಗುವ ದಿಂಡಿಯ ಜೊತೆ ನಡೆಯುತ್ತಿದ್ದರು. ಅರ್ಧ ಕಾರ್ಮಿಕರೂ ಬಂದಿರಲಿಲ್ಲ. ಪ್ರೆಸ್ಸುಗಳು ಸುಮ್ಮನಿದ್ದವು. ಮಾಲಕರು ನನ್ನ ಕೋಣೆಗೆ ಬಂದು ಇಣುಕಿದರು.

"ಆಜ್ ಸಗಳಂ ಶಾಂತ್ ಆಹೆ ಮ್ಯಾಡಮ್, ಆಜಚ್ ಕರೂನ್ ಟಾಕಾ ನಾ," ಎಂದರು. ಎಲ್ಲ ಶಾಂತವಾಗಿದೆ, ಇವತ್ತೇ ಮಾಡಿ ಮುಗಿಸಿಬಿಡಿ ಎಂದು.

ನೋಟುಪುಸ್ತಕ ನೋಡಿದೆ. ಎಲ್ಲದರ ಮುಂದೆ ಸರಿ ಗುರುತು. ಭಾನುವಾರದವರೆಗೆ ಯಾಕೆ ಕಾಯಬೇಕು? ಒಂದು ತಿಂಗಳಿಂದ ಹಾಕಿದ ಯೋಜನೆಯನ್ನು ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಐದು ದಿನ ಮೊದಲಿಗೆ ಎಳೆದುಕೊಂಡೆ.

ಆ ಸರ್ವರಿಗೆ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಆಪರೇಟಿಂಗ್ ಸಿಸ್ಟಮ್, ಇನ್ನೊಂದರಲ್ಲಿ ಡ್ರಾಯಿಂಗುಗಳು. ವರ್ಚುವಲ್ ಎಂಬುದರ ಒಂದು ಸುಖವೆಂದರೆ ಇಡೀ ಡಿಸ್ಕೇ ಒಂದು ಫೈಲು, ಹಾಗೇ ನಕಲು ಮಾಡಿ ಪಕ್ಕಕ್ಕಿಡಬಹುದು. ಮೊದಲನೆಯದನ್ನು ನಕಲು ಮಾಡಿಟ್ಟೆ. ಎರಡನೆಯದು ಬಹಳ ದೊಡ್ಡದು, ಜಾಗ ಸಾಲಲಿಲ್ಲ. ಇರಲಿ, ಅದು ಕಾಕಾನ ಕಪಾಟಿನಲ್ಲಿದೆಯಲ್ಲ ಎಂದು ಮುಂದುವರಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಸ ಆವೃತ್ತಿ ಏರಿತು. ಸರ್ವರು ತಾನಾಗಿ ಎದ್ದು ನಿಂತಿತು. ಹೆಸರು ಕೇಳಿತು, ಗುಪ್ತಪದ ಕೇಳಿತು, ಒಳಗೆ ಬಿಟ್ಟುಕೊಂಡಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನು ಇದು ಯಾಕೆ ಎಂದು ಆ ಹಳೆಯ ನಕಲನ್ನು ಅಳಿಸಿಹಾಕಿದೆ. ಹಿಂದಕ್ಕೆ ಬರುವ ದಾರಿಯನ್ನು ನನ್ನ ಕೈಯಾರೆ ಮುಚ್ಚಿದ್ದು ಹಾಗೆ.

ಆಮೇಲೆ ಡ್ರಾಯಿಂಗುಗಳ ಫೋಲ್ಡರ್ ತೆರೆದೆ. ಖಾಲಿ.

ಮತ್ತೆ ತೆರೆದೆ, ಮತ್ತೆ ಖಾಲಿ. ಆದರೂ ಸಮಾಧಾನ ತಂದುಕೊಂಡೆ. ಏರಿಸುವಾಗ ಎರಡನೆಯ ಡಿಸ್ಕ್ ಕೆಟ್ಟಿರಬೇಕು. ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿ, ಕಾಕಾನ ಬ್ಯಾಕಪ್ಪಿನಿಂದ ತುಂಬಿದರಾಯಿತು. ಅಳಿಸುವ ಆಜ್ಞೆಯನ್ನು ಟೈಪ್ ಕೂಡ ಮಾಡಿದ್ದೆ. ಎಂಟರ್ ಒತ್ತುವುದೊಂದೇ ಬಾಕಿ. ಅಷ್ಟರಲ್ಲಿ ವಾಚ್‌ಮನ್ ಬಂದು, ಪಾಲಖಿಗಾಗಿ ರಸ್ತೆ ಮುಚ್ಚುತ್ತಿದ್ದಾರೆ, ಈಗ ಹೊರಟರೆ ಸ್ವಾರಗೇಟ್ ಬಸ್ಸು ಸಿಕ್ಕೀತು, ಆಮೇಲೆ ನಡೆಯಬೇಕಾದೀತು ಎಂದ. ಟೈಪ್ ಮಾಡಿದ್ದನ್ನು ಒರೆಸಿ, ಚೀಲ ತೆಗೆದುಕೊಂಡು ಓಡಿದೆ. ಜಾಣತನದಿಂದ ಕೈ ತಡೆಯಿತು ಎಂದು ಹೇಳಿಕೊಳ್ಳಲು ನನಗೂ ಆಸೆ ಇದೆ. ಆದರೆ ತಡೆದದ್ದು ಬಸ್ಸು.

ಬುಧವಾರ ಬೆಳಿಗ್ಗೆ ಕಾಕಾ ಕುಂಟುತ್ತ ಬಂದರು. ಹಣೆಯ ಮೇಲೆ ಹಿಂದಿನ ದಿನ ದಿಂಡಿಯಲ್ಲಿ ಹಚ್ಚಿದ ಬುಕ್ಕಾ ಪುಡಿಯ ಕಪ್ಪು ಇನ್ನೂ ಇತ್ತು. ಮುಖ ಮಾತ್ರ ಅರಳಿತ್ತು. ನಾನು ಚಹಾ ಕುಡಿಯಲೂ ಬಿಡದೆ ಕೇಳಿದೆ.

"ಕಾಕಾ, ಬ್ಯಾಕಪ್ ಡಿಸ್ಕ್ ಕೊಡ್ರಿ. ಸ್ವಲ್ಪ ಕೆಲಸ ಅದ."

"ತಡಿ ತಂಗಿ, ಇವತ್ತ ತೊಗೋತೀನಿ. ಅದಕ್ಕಂತನ ಲಗೂ ಬಂದೀನಿ."

"ಇವತ್ತೇನು ತೊಗೊಳ್ಳೋದು? ತೊಗೊಂಡೀರೆಲ್ಲ?"

"ಎಲ್ಲಿ ತೊಗೊಂಡೀನಿ? ಪರವಾ ಅಂತ ಹೇಳಿದ್ನೆಲ್ಲ ಸೋಮವಾರ."

"ಪರವಾ ಅಂದ್ರ ಮನ್ನೆ ಅಲ್ರೀ?"

ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಮನ್ನೆನೂ ಹೌದು, ನಾಡಿದ್ದೂ ಹೌದು. ಎರಡಕ್ಕೂ ಅದ ಶಬ್ದ."

ಹೋದ ಸಲ ಬ್ಯಾಕಪ್ ತೆಗೆದದ್ದು ಯಾವಾಗ ಎಂದು ಕೇಳಿದೆ. ಕಳೆದ ದೀಪಾವಳಿಯ ಹೊತ್ತಿಗೆ ಎಂದರು. ಎಂದರೆ ಎಂಟು ತಿಂಗಳ ಕೆಲಸ ಎಲ್ಲೂ ಇಲ್ಲ. ಎಲ್ಲವನ್ನೂ ಹೇಳಿದೆ. ಮಾಲಕರ ಹೆಸರು ಎತ್ತಲಿಲ್ಲ. ನಾನು ಮಾಡಿದೆ, ನಿಮ್ಮನ್ನು ಕೇಳದೆ ಮಾಡಿದೆ ಎಂದೆ. ನೋಟುಪುಸ್ತಕ ತೆರೆದು ನಾನು ಬರೆದದ್ದನ್ನು ತೋರಿಸಿದೆ. ಅವರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆ ಪುಟವನ್ನು ನಾನು ಮರಾಠಿಯಲ್ಲಿ ಬರೆದಿದ್ದರೆ, ಗೋಡೆಗೆ ಅಂಟಿಸಿದ್ದರೆ, ಯಾರಾದರೊಬ್ಬರು ನೋಡಿ ಇದು ತಪ್ಪು ಎನ್ನುತ್ತಿದ್ದರು. ನನ್ನ ಜಂಬಕ್ಕೆ ಸರಿಯಾಗಿ ಬಿದ್ದಿತ್ತು ಪೆಟ್ಟು.

ಕಾಕಾ ಸ್ಟೂಲಿನ ಮೇಲೆ ಕುಳಿತರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅವರು ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ತಡೆಯಲಾರದೆ ನಾನೇ ಸಿಡಿದೆ.

"ಇದೆಂಥಾ ಭಾಷಾರೀ! ಹಿಂದಿನ ದಿನಾನೂ ಅದ, ಮುಂದಿನ ದಿನಾನೂ ಅದ ಅಂದ್ರ ಮನಷಾರು ಬದುಕೋದು ಹೆಂಗರೀ?"

"ಹಿಂದಿಯವರು ನಿನ್ನೆಗೂ ನಾಳೆಗೂ ಒಂದ ಕಲ್ ಅಂತಾರ. ಅವರು ಬದುಕ್ಯಾರ ಇಲ್ಲೋ?" ಎಂದರು ಕಾಕಾ. ಆ ಹೊತ್ತಿನಲ್ಲೂ ನನಗೆ ಅರೆಕ್ಷಣ ನಗು ಬಂತು, ಆಮೇಲೆ ನಾಚಿಕೆಯಾಯಿತು.

ಅವರು ಎದ್ದರು. "ಮದಲ ಹೆಂಗಿತ್ತು, ಈಗ ಹೆಂಗ ಅದ, ಎರಡೂ ಕಾಗದದ ಮ್ಯಾಲೆ ಕೊಡು. ಪಡದಿ ಮ್ಯಾಲೆ ನನಗ ಏನೂ ತಿಳಿಯಂಗಿಲ್ಲ."

ಇದರಿಂದ ಏನಾದೀತು ಎಂದು ನನಗೆ ಅನ್ನಿಸಿತು. ಲಿನಕ್ಸ್ ಎಂದರೆ ಏನೆಂದೇ ಗೊತ್ತಿಲ್ಲದವರು ಏನು ನೋಡುತ್ತಾರೆ? ಆದರೆ ಇಲ್ಲ ಎನ್ನುವ ಅಧಿಕಾರ ನನಗೆ ಉಳಿದಿರಲಿಲ್ಲ. ಯಾವ ಡಿಸ್ಕನ್ನು ಯಾವ ಜಾಗಕ್ಕೆ ಜೋಡಿಸಬೇಕು ಎಂದು ಸರ್ವರು ಓದಿಕೊಳ್ಳುವ ಒಂದು ಪಟ್ಟಿ ಇರುತ್ತದೆ. ಅದರ ಹಳೆಯ ಪ್ರತಿಯೊಂದು ನನ್ನ ಯೋಜನೆಯ ಕಡತದಲ್ಲಿತ್ತು. ಈಗಿನದನ್ನೂ ಅದೇ ಅಳತೆಯಲ್ಲಿ ಮುದ್ರಿಸಿ ಕೊಟ್ಟೆ. ಕಾಕಾನ ಮೇಜಿಗೆ ಗಾಜಿನ ಮೈ, ಕೆಳಗೆ ಟ್ಯೂಬ್‌ಲೈಟು. ಹಳೆಯ ನಕ್ಷೆಯ ಮೇಲೆ ಹೊಸದನ್ನಿಟ್ಟು ಬೆಳಕಿನಲ್ಲಿ ತಾಳೆ ನೋಡುವುದು ಅವರ ಜೀವನದ ಅಭ್ಯಾಸ. ನನ್ನ ಎರಡು ಹಾಳೆಗಳನ್ನೂ ಹಾಗೆಯೇ ಒಂದರ ಮೇಲೊಂದು ಇಟ್ಟು, ಕೆಂಪು ಪೆನ್ಸಿಲ್ ಹಿಡಿದು, ಒಂದೊಂದೇ ಅಕ್ಷರ ನೋಡುತ್ತ ಸರಿದರು. ನಾನು ಅವರ ಪಕ್ಕ ಉಗುರು ಕಚ್ಚುತ್ತ ನಿಂತೆ.

"ಮ್ಯಾಲಿನ ಸಾಲಿನ್ಯಾಗ ಮದಲ ಎಚ್ ಇತ್ತು, ಈಗ ಎಸ್ ಆಗೇದ," ಎಂದರು. ಪೆನ್ಸಿಲ್ ಕೆಳಗೆ ಇಳಿಯಿತು. "ತಳಗಿನ ಸಾಲಿನ್ಯಾಗ ಮದಲೂ ಎಚ್, ಈಗೂ ಎಚ್. ಯಾಕ?"

"ಅದು ಬ್ಯಾರೆ ಡಿಸ್ಕ್ ರೀ ಕಾಕಾ, ಅದರದು—"

ಬಗ್ಗಿ ಎರಡೂ ಸಾಲುಗಳನ್ನು ನಾನೇ ಮತ್ತೆ ಓದಿದೆ.

"ಹೊಸಾ ಹುಡುಗರು ಹಿಂಗ ಮಾಡ್ತಾರ," ಎಂದರು ಕಾಕಾ. "ಮ್ಯಾಲಿಂದ ಕಾಣೋ ನಕ್ಷಾದಾಗ ಅಳತಿ ತಿದ್ದತಾರ, ಬಾಜೂದಿಂದ ಕಾಣೋದರಾಗ ತಿದ್ದೋದು ಮರೀತಾರ."

ಅಷ್ಟೇ ಆಗಿತ್ತು. ಹೊಸ ಆವೃತ್ತಿ ಡಿಸ್ಕುಗಳನ್ನು ಹೊಸ ಹೆಸರಿನಿಂದ ಕರೆಯುತ್ತಿತ್ತು. ತಾನು ಕೂರುವ ಮೊದಲನೆಯ ಡಿಸ್ಕಿನ ಹೆಸರನ್ನು ತಾನೇ ತಿದ್ದಿಕೊಂಡಿತ್ತು. ಎರಡನೆಯದರ ಹೆಸರು ಪಟ್ಟಿಯಲ್ಲಿ ಹಳೆಯದೇ ಉಳಿದಿತ್ತು. ಆ ಹೆಸರಿನ ಡಿಸ್ಕು ಸಿಗದೆ ಸರ್ವರು ಖಾಲಿ ಫೋಲ್ಡರ್ ತೋರಿಸಿತ್ತು. ಹಿಂದಿನ ದಿನ ನಾನು ಕೆಟ್ಟಿದೆ ಎಂದುಕೊಂಡು ಅಳಿಸಹೊರಟದ್ದು ಎರಡು ವರ್ಷದ ಗೆರೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಗಟ್ಟಿಮುಟ್ಟಾದ ಡಿಸ್ಕನ್ನು.

ಒಂದು ಅಕ್ಷರ ಬದಲಿಸಿದೆ. ಸರ್ವರನ್ನು ಮತ್ತೆ ಎಬ್ಬಿಸಿದೆ. ಫೋಲ್ಡರ್ ತೆರೆದಾಗ ಹೆಸರುಗಳು ಸಾಲಾಗಿ ಬಂದವು, ಪರದೆ ತುಂಬಿ ಕೆಳಗೆ ಜಾರುತ್ತಲೇ ಇದ್ದವು. ಕಾಕಾ ಕೈ ಮುಗಿದರು. ಪರದೆಗೋ, ಹಿಂದಿನ ದಿನ ಯಾರಿಗಾಗಿ ನಡೆದರೋ ಆ ದೇವರಿಗೋ, ನಾನು ಕೇಳಲಿಲ್ಲ. ನಾನು ಮೊದಲು ಮಾಡಿದ ಕೆಲಸ ಬ್ಯಾಕಪ್. ಅವರು ಕಪಾಟು ತೆಗೆದರು, ಶಾಲು ಬಿಚ್ಚಿದರು, ನಾನು ಕಣ್ಣಾರೆ ನೋಡಿದೆ.

ಅಂದಿನಿಂದ ಇಂದಿನವರೆಗೆ ನನ್ನ ಯಾವ ಯೋಜನೆಯಲ್ಲೂ ನಿನ್ನೆ, ನಾಳೆ, ಮೊನ್ನೆ, ನಾಡಿದ್ದು ಎಂಬ ಶಬ್ದಗಳಿಲ್ಲ. ತಾರೀಕು, ವಾರ, ಗಂಟೆ. ಅದೂ ಎಲ್ಲರಿಗೂ ಓದಲು ಬರುವ ಲಿಪಿಯಲ್ಲಿ, ಗೋಡೆಯ ಮೇಲೆ. ಹಿರಿಯರನ್ನು ಕೇಳುವುದಕ್ಕೂ ಸಂಕೋಚವಿಲ್ಲ. ತೋರಿಸಿರಿ ಎಂದರೆ ಯಾರೂ ಮುನಿಸಿಕೊಂಡದ್ದಿಲ್ಲ. ಮುನಿಸಿಕೊಳ್ಳುತ್ತಾರೆ ಎಂದು ನಾನೇ ಅಂದುಕೊಂಡಿದ್ದೆ.

ಆ ಬುಧವಾರ ಮಧ್ಯಾಹ್ನ ಬ್ಯಾಕಪ್ ನಡೆಯುತ್ತಿರುವಾಗ ಕಾಕಾ ಒಂದು ಡ್ರಾಯಿಂಗ್ ತೆರೆದರು. ಎಲ್ಲ ಸರಿಯಾಗಿದೆಯೇ ಎಂದು ನೋಡಲು ಇರಬೇಕು. ಕೆಳಗಿನ ಮೂಲೆಯಲ್ಲಿ ಮೂರು ಸಣ್ಣ ಚೌಕಗಳಿದ್ದವು. ಬರೆದವರು ಎಂಬಲ್ಲಿ ಅವರ ಹೆಸರಿನ ಅಕ್ಷರಗಳು, ಒಪ್ಪಿದವರು ಎಂಬಲ್ಲಿ ಮಾಲಕರದು. ನಡುವೆ, ತಪಾಸಣೆ ಮಾಡಿದವರು ಎಂಬಲ್ಲಿ ಏನೂ ಇರಲಿಲ್ಲ. ಇನ್ನೊಂದು ತೆರೆದರು. ಅದರಲ್ಲೂ ಆ ಚೌಕ ಖಾಲಿ.

"ಎಲ್ಲಾದರಾಗೂ ಹಂಗ ಅದ," ಎಂದರು. "ಬರಿಯಾಂವ ನಾ ಒಬ್ಬಾಂವ, ನೋಡಾವರು ಯಾರು? ನಿನ್ನ ಹೆಸರು ಹಾಕು ತಂಗಿ. ಇವತ್ತ ನೀ ಹುಡುಕಿ ತಂದಿ."

ಕೀಬೋರ್ಡು ನನ್ನ ಕಡೆ ಸರಿಸಿದರು. ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ನೋಡದೆ ಒಂದು ಸರಿ ಗುರುತು ಹಾಕಿದ್ದರ ರುಚಿ ಇನ್ನೂ ಬಾಯಲ್ಲಿತ್ತು.

"ಬ್ಯಾಡ್ರಿ ಕಾಕಾ. ನನಗ ಡ್ರಾಯಿಂಗ್ ಓದಾಕ ಬರೂದಿಲ್ಲ. ಓದಲಾರದ್ದಕ್ಕ ನೋಡೀನಿ ಅಂತ ಹೆಂಗ ಬರೀಲಿ?"

ಕಾಕಾ ಬಗ್ಗಿ, ಮೇಜಿನ ಕೆಳಗಿದ್ದ ಇನ್ನೊಂದು ಸ್ಟೂಲನ್ನು ಎಳೆದು ತಮ್ಮ ಪಕ್ಕದಲ್ಲಿಟ್ಟರು.

"ದೀಪಾವಳಿಗೆ ಇನ್ನ ನಾಕ ತಿಂಗಳ ಅದ. ಕುಂದರು."

ಕುಳಿತೆ. ಅವರು ಪರದೆಯ ಮೇಲೆ ಒಂದು ಗೆರೆಯ ಹತ್ತಿರ ಬೆರಳಿಟ್ಟರು. "ಉಳದ ಗೆರಿ ಎಲ್ಲಾ ಉದ್ದಕ ಅದಾವ. ಇದೊಂದ ಯಾಕ ತುಂಡ ತುಂಡ ಅದ, ಹೇಳು."

"ಗೊತ್ತಿಲ್ರಿ."

"ಅಲ್ಲಿ ಒಂದ ಅಂಚು ಅದ. ಈ ಬಾಜೂದಿಂದ ನೋಡಿದ್ರ ಕಾಣಂಗಿಲ್ಲ. ಕಾಣಂಗಿಲ್ಲ ಅಂದ್ರ ಇಲ್ಲ ಅಂತ ತಿಳಕೊಬಾರದು, ಅದಕ್ಕ ಹಿಂಗ ಬರೀತೀವಿ."

ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಕಾಕಾ ನೋಡದವರ ಹಾಗೆ ಮುಂದಿನ ಗೆರೆಗೆ ಹೋದರು.